ರಸೂಲಬಿಯ ಹತ್ತಿಪಾಠ

೧

ಎಲ್ಲಿಂದ ಶುರು ಮಾಡಲಿ? ಸಂಘ-ಸಂಸ್ಥೆಗಳಿಗೆ ಕೃತಜ್ಞತೆ ಹೇಳುವುದಿದ್ದರೆ ಹಾರ-ತುರಾಯಿಯಿಂದ ಶುರು ಮಾಡುವುದು ನಮ್ಮ ಕಡೆಯ ರೂಢಿ. ನಾನೂ ಹಾಗೇ ಮಾಡಿದೆ. ಮೊದಲ ಡ್ರಾಫ್ಟ್: ‘೧೯೩೭ನೆಯ ಇಸವಿ. ಉಪ್ಪಿನಬೆಟಗೇರಿಯ ಹಿಡಿ ಹತ್ತಿ ಸಂಘದ ಅಧ್ಯಕ್ಷರೂ ಹತ್ತಿ ವ್ಯಾಪಾರಿಗಳೂ ಆದ ಗುರುಸಿದ್ದಯ್ಯನವರು ಮಂದಸ್ಮಿತರಾಗಿ ಎದ್ದು ನಿಂತರು.’

ಎದ್ದು ನಿಂತವರು ನನ್ನ ಕಡೆಗೇ ತಿರುಗಿದರು.

“ತಮ್ಮಾ, ಆ ಹಾರ ತಗದ ಇಡು. ಹತ್ತಿ ಕೊಟ್ಟವರು ಹೆಣ್ಣಮಕ್ಕಳು. ನಾ ಬರೇ ಹುಬ್ಬಳ್ಳಿ ಪ್ಯಾಟ್ಯಾಗ ಮಾರಿ ಪಾಟಿ, ಬಳಪ ತಂದೇನಿ.”

ಡ್ರಾಫ್ಟ್ ಹರಿದು ಹಾಕಿದೆ. (ಸಂಘ, ಅಧ್ಯಕ್ಷರು, ಎಲ್ಲ ನಾನೇ ಹುಟ್ಟಿಸಿದ್ದು. ಆದರೂ ಹಿರಿಯರ ಮಾತು ಮೀರಲಾದೀತೇ?)

೨

ಅವರು ಹೇಳಿದ್ದು ಖರೇ. ಹತ್ತಿ ಬಿಡಿಸಲು ಹೋದ ಹೆಂಗಸರು ಕೂಲಿಯಾಗಿ ಸಿಕ್ಕ ಹತ್ತಿಯಲ್ಲಿ ದಿನಕ್ಕೊಂದು ಹಿಡಿ ಶಾಲೆಯ ಚೀಲಕ್ಕೆ ಹಾಕುತ್ತಿದ್ದರು. ಹೆಣ್ಣುಮಕ್ಕಳ ಶಾಲೆ ಅದರಿಂದಲೇ ನಡೆದಿತ್ತು. ಟ್ರೇನಿಂಗ್ ಆದ ಶಿಕ್ಷಕಿ ಇಲ್ಲದಿದ್ದರೆ ಮಾನ್ಯತೆ ಇಲ್ಲ ಎಂದು ಮೇಲಿನವರು ಅಂದಾಗ, ಇದ್ದೊಬ್ಬ ಶಿಕ್ಷಕಿಯನ್ನು ಸಂಘ ಒಂದು ವರ್ಷ ಧಾರವಾಡಕ್ಕೆ ಕಳಿಸಿತು. ಅವಳೇ ರಸೂಲಬಿ, ಪಾತ್ರೆಗೆ ಕಲಾಯಿ ಹಾಕುವ ಅಬ್ದುಲಗನಿಯ ಮಗಳು. ಅವಳು ಮರಳುವ ತನಕ ಶಾಲೆಗೆ ಬೀಗ. ಪಾಸಾದರೆ ಬೀಗ ತೆಗೆಯುತ್ತಾರೆ. ನಾಪಾಸಾದರೆ ಮೂವತ್ತೆರಡು ಹುಡುಗಿಯರು ಮನೆಯಲ್ಲೇ.

೩

(ಇದನ್ನು ಎರಡು ಸಲ ಬರೆದೆ. ಮೊದಲ ಸಲ ರಸೂಲಬಿ ಅಳುತ್ತಿದ್ದಳು. “ನಾ ಯಾವಾಗ ಅತ್ತೇನ್ರಿ? ಪಾಠ ಮಾಡೇನಿ, ಅಷ್ಟ ಬರೀರಿ” ಅಂದಳು. ಅಷ್ಟೇ ಬರೆದಿದ್ದೇನೆ.)

ಪರೀಕ್ಷೆಯ ದಿನ ಮಾದರಿ ಪಾಠ. ಶಿಕ್ಷಕಿ ತಾನಾಗಿ ಏನೂ ಹೇಳಬಾರದು, ಪ್ರಶ್ನೆ ಕೇಳಿ ಕೇಳಿ ಮಕ್ಕಳ ಬಾಯಿಂದಲೇ ಹೊರಡಿಸಬೇಕು. ರಸೂಲಬಿ ಊರಿನಿಂದ ಒಡೆದ ಹತ್ತಿಕಾಯಿ ತಂದಿದ್ದಳು. ಅರ್ಧ ತಾಸಿನ ಪಾಠ ಸಿದ್ಧವಿತ್ತು. ಅವಳಿಗೆ ಹೊಳೆಯದೆ ಹೋದದ್ದು ಒಂದೇ: ಈ ಸೀಮೆಯಲ್ಲಿ ಟ್ರೇನಿಂಗಿಗೆ ಬಂದವರೆಲ್ಲ ಹತ್ತಿಯನ್ನೇ ತರುತ್ತಾರೆ. ಆ ತರಗತಿಯ ಹುಡುಗಿಯರು ಹತ್ತಿಪಾಠ ಕೇಳಿ ಕೇಳಿ ಪಳಗಿದವರು.

“ಇದೇನು?” ಅನ್ನುವುದರೊಳಗೆ ಮುಂದಿನ ಸಾಲಿನ ಹುಡುಗಿ ಎದ್ದಳು.

“ಹತ್ತಿ ರೀ. ಬೆಳ್ಳಗ ಐತಿ, ಮೆತ್ತಗ ಐತಿ, ಒಳಗ ಕಾಳು ಇರ್ತಾವ. ನೂಲು ತಗದು ಬಟ್ಟಿ ನೇಯ್ತಾರ. ಇನ್ನ ನೀವು ದೀಪದ ಬತ್ತಿ ಯಾತರದು ಅಂತ ಕೇಳ್ತೀರಿ. ಅದೂ ಹತ್ತೀದ ರೀ.”

ಮೂರು ನಿಮಿಷದಲ್ಲಿ ಪಾಠ ಖಲಾಸ್. ಪರೀಕ್ಷಕರು ಗಡಿಯಾರ ನೋಡಿದರು. (ಇಲ್ಲೊಂದು ಬೆಂಕಿ ಅನಾಹುತ ತಂದು ಅವಳನ್ನು ಪಾರು ಮಾಡೋಣ ಅಂದುಕೊಂಡೆ. ಅವಳು ಕಣ್ಣಲ್ಲೇ ಗದರಿಸಿದಳು.)

ಅವಳು ಟಿಪ್ಪಣಿಯ ಹಾಳೆ ಮಡಚಿಟ್ಟಳು. “ಹಂಗಾರ ನೀವ ನನಗ ಕೇಳ್ರಿ. ಇಲ್ಲೀತನಕ ಯಾವ ಅಕ್ಕೋರಿಗೂ ಕೇಳಿರಬಾರದು, ಅಂಥಾದ್ದು.”

ಮುಂದಿನ ಸಾಲಿನ ಹುಡುಗಿ ಕುಳಿತುಬಿಟ್ಟಳು. ಆಮೇಲೆ ಹಿಂದಿನಿಂದ ಒಬ್ಬಳು, “ಅಕ್ಕೋರ, ಇದನ್ನ ಬಿಡಿಸಿದವರು ಯಾರ್ರಿ?” ಅಂದಳು.

“ಶಿವಬಸವ್ವ ಅಂತ, ನಮ್ಮೂರಾಕಿ. ದಿನಾ ಒಂದು ಹಿಡಿ ಸಾಲಿಗೆ ಕೊಡ್ತಾಳ. ಅಂಥವರು ಕೊಟ್ಟದ್ದಕ್ಕ ನಾ ಇಲ್ಲಿ ನಿಂತೇನಿ.”

“ಆಕಿ ಮಕ್ಕಳು ನಿಮ್ಮ ಸಾಲ್ಯಾಗ ಅದಾರೇನ್ರಿ?”

“ಆಕಿಗೆ ಮಕ್ಕಳಿಲ್ಲವಾ.”

“ಓದಾಕ ಬರ್ತದೇನ್ರಿ?”

“ಇಲ್ಲ.”

“ಮತ್ತ ಯಾಕ ಕೊಡ್ತಾಳ?”

ರಸೂಲಬಿಗೆ ಗೊತ್ತಿರಲಿಲ್ಲ. “ನಾನೂ ಕೇಳಿಲ್ಲ. ಊರಿಗೆ ಹೋಗಿ ಕೇಳ್ತೇನಿ” ಅಂದಳು. ಪರೀಕ್ಷಕರು ಏನೋ ಬರೆದುಕೊಂಡರು.

೪

ಮುಕ್ತಾಯ ‘ಅ’: ಪಾಸು. ಪೇಢಾ ಹಂಚಿದರು.

ಮುಕ್ತಾಯ ‘ಆ’: ನಾಪಾಸು. ನಿಯಮ ಮೀರಿ ತನ್ನದನ್ನೇ ಹೇಳಿದಳಲ್ಲ.

ಮುಕ್ತಾಯ ‘ಇ’: ಪರೀಕ್ಷಕರು ಕಣ್ಣೊರೆಸಿಕೊಂಡು ನೂರಕ್ಕೆ ನೂರು ಹಾಕಿದರು. (ಬರೆದು ನಾನೇ ನಾಚಿದೆ.)

“ಅವನ್ನೆಲ್ಲಾ ಆಮ್ಯಾಲ ಬರಕೋಳ್ರಿ” ಅಂದಳು ರಸೂಲಬಿ. “ಮೊದಲ ನನ್ನ ಊರಿಗೆ ಕಳಸ್ರಿ. ಆ ಹುಡುಗಿ ಕೇಳಿದ್ದು ಹಂಗ ಉಳದೈತಿ.”

ಕಳಿಸಿದೆ. ನನಗೂ ಕೇಳಬೇಕಿತ್ತು. ನಾನು ಕಲಿತದ್ದೂ ಊರಿನವರು ಕೈಯೆತ್ತಿ ಕೊಟ್ಟದ್ದರಿಂದ ನಡೆದ ಶಾಲೆಯಲ್ಲೇ. ಕೊಟ್ಟವರು ಯಾರೆಂದು ಇವತ್ತಿಗೂ ಗೊತ್ತಿಲ್ಲ, ಅವರ ಋಣ ಮಾತ್ರ ನನ್ನ ಮೇಲಿದೆ.

೫

ಬೀಗ ಹಾಕಿದ ಶಾಲೆಯ ಹಿಂದೆಯೇ ಹೊಲ. ಶಿವಬಸವ್ವ ಹತ್ತಿ ಬಿಡಿಸುತ್ತಿದ್ದಳು.

“ದೊಡ್ಡವ್ವ, ನೀ ಸಾಲಿಗೆ ಹತ್ತಿ ಯಾಕ ಕೊಡ್ತಿ?”

“ಇದೇನ ಕೇಳ್ತಿಯವಾ? ಸಾಲ್ಯಾಗ ಹುಡುಗ್ಯಾರು ಮಗ್ಗಿ ಒದರೂದು ಇಲ್ಲೀತನಕ ಕೇಳಸ್ತದ. ಕೇಳಕೋಂತನ ಕೆಲಸ ಮಾಡ್ತೇನಿ. ಹನ್ನೆರಡರ ಮಗ್ಗಿ ತನಕ ಎಲ್ಲಾ ಬರ್ತಾವ ನನಗ. ಹದಿಮೂರರದು ಅರ್ಧಕ್ಕ ಬಿಟ್ಟು ನೀ ಧಾರವಾಡಕ್ಕ ಹೋದಿ. ಒಂದು ವರ್ಷಾತು, ಹದಿಮೂರ ಆರ್ಲೆ ಎಪ್ಪತ್ತೆಂಟಕ್ಕ ನಿಂತೇನಿ.”

ರಸೂಲಬಿ ಅತ್ತಳು. (ಈ ಸಲ ಅವಳು ನನಗೆ ಏನೂ ಅನ್ನಲಿಲ್ಲ.)

ರಿಸಲ್ಟ್ ಏನಾಯಿತೆಂದು ನೀವು ಕೇಳುತ್ತೀರಿ. ಅದು ಇನ್ನೂ ಬಂದಿಲ್ಲ, ನಾನು ತರಿಸುವುದೂ ಇಲ್ಲ. ರಸೂಲಬಿ ಟ್ರಂಕು ಬದುವಿನ ಮೇಲಿಟ್ಟು ಅಲ್ಲೇ ಕುಳಿತಳು.

“ಹದಿಮೂರ ಏಳ್ಲೆ?”

“ನೀ ಹೇಳವಾ, ಅಕ್ಕೋರು ನೀನು.”

“ಇಲ್ಲ ದೊಡ್ಡವ್ವ, ನೀನ ಹೇಳು. ಎಪ್ಪತ್ತೆಂಟರ ಮ್ಯಾಲ ಹದಿಮೂರು.”

ಶಿವಬಸವ್ವ ಹತ್ತಿಯ ಉಡಿ ಕೆಳಗಿಳಿಸಿ ಬೆರಳು ಮಡಚತೊಡಗಿದಳು. ನಾನು ನಡುವೆ ಬಾಯಿ ಹಾಕುವುದಿಲ್ಲ.