ಏಳು ಗಂಟೆಯ ಒಂದು ರಿಂಗ್

"ಇದನ್ನ ಒಂದ್ಸಲ ಬೀಳಿಸಿ ನೋಡ್ಲಾ?" ಎಂದು ಹಿಲ್ಕ ಕೇಳಿದಳು.

ಅಂಗಡಿಯ ಔಲಿಸ್ ಫೋನನ್ನು ಅವಳ ಕೈಯಿಂದ ಕಿತ್ತುಕೊಂಡ. "ಬೇಡ ತಾಯಿ, ನೀನು ಬೀಳಿಸಿದ್ದು ಸಾಕು. ನನ್ನ ಹನ್ನೊಂದು ಮಾದರಿ ಪುಡಿ ಮಾಡಿದ್ದೀಯ."

"ಒಂಬತ್ತು. ಎರಡು ತಾವಾಗೇ ಬಿಚ್ಕೊಂಡ್ವು."

ಊರಿನ ಫೋನ್ ಕಾರ್ಖಾನೆ ಬಾಗಿಲು ಹಾಕುವವರೆಗೆ ಹಿಲ್ಕಳ ಕೆಲಸವೇ ಬೀಳಿಸುವುದು. ಹತ್ತೊಂಬತ್ತು ವರ್ಷ ಒಂದೂವರೆ ಮೀಟರ್ ಎತ್ತರದಿಂದ ಸಿಮೆಂಟ್ ಚಪ್ಪಡಿಯ ಮೇಲೆ ಫೋನುಗಳನ್ನು ಬೀಳಿಸಿ, ಬದುಕಿತೋ ಸತ್ತಿತೋ ಎಂದು ಬರೆದಿಡುತ್ತಿದ್ದಳು. ಕೊನೆಕೊನೆಗೆ ಬಗ್ಗಿ ನೋಡುವ ಅಗತ್ಯವೂ ಇರಲಿಲ್ಲ, ಸದ್ದಿನಲ್ಲೇ ತಿಳಿಯುತ್ತಿತ್ತು. ಆ ಫೋನುಗಳ ವಿನ್ಯಾಸ ಮಾಡುತ್ತಿದ್ದ ಔಲಿಸ್ ಆಗ ಟೈ ಕಟ್ಟಿಕೊಂಡು ಬಾಗಿಲಲ್ಲಿ ನಿಂತು, ಮಗಳನ್ನು ಪರೀಕ್ಷೆಗೆ ಕಳಿಸಿದವನಂತೆ ಉಗುರು ಕಚ್ಚುತ್ತಿದ್ದ. ಈಗ ಎಲ್ಲೋ ಯಾರೋ ಮಾಡಿದ ಆಂಡ್ರಾಯ್ಡ್ ಫೋನುಗಳನ್ನು ಮಾರುತ್ತಾನೆ. ಕಾರ್ಖಾನೆ ಕ್ಯಾಂಟೀನಿನ ಅಡುಗೆಯವನೇ ಈಗ ಯೋಗ ಹೇಳಿಕೊಡುವ ಊರಿನಲ್ಲಿ ಇದನ್ನು ಯಾರೂ ವಿಚಿತ್ರವೆಂದುಕೊಳ್ಳಲಿಲ್ಲ.

"ಗುಂಡಿ ಇರೋ ಹಳೇ ಥರದ್ದು ಬೇಕಂದ್ರೆ ತರಿಸ್ಬೇಕು. ಎರಡು ವಾರ."

"ನಾಳೆ ಬೆಳಿಗ್ಗೆ ಏಳಕ್ಕೆ ಬೇಕು."

ದಿನಾ ಬೆಳಿಗ್ಗೆ ಏಳು ಗಂಟೆಗೆ ಹಿಲ್ಕ ನದಿಯಾಚೆಯ ಗೆಳತಿ ಔನೆಗೆ ಒಂದು ರಿಂಗ್ ಕೊಟ್ಟು ಕಟ್ ಮಾಡುತ್ತಾಳೆ. ಐದು ನಿಮಿಷದೊಳಗೆ ಔನೆಯದೊಂದು ಬರುತ್ತದೆ. ಇಬ್ಬರೂ ಒಂಟಿಯಾಗಿರುವವರು; ಎದ್ದಿದ್ದೇವೆ, ಬದುಕಿದ್ದೇವೆ ಎಂದು ಆ ರಿಂಗಿನ ಅರ್ಥ. ಎತ್ತಿಕೊಳ್ಳುವಂತಿಲ್ಲ. ಇದು ಕಾರ್ಖಾನೆಯಲ್ಲಿ ಹತ್ತಿದ ಅಭ್ಯಾಸ. ಅಲ್ಲಿ ಇಬ್ಬರಿಗೂ ಸೇರಿ ಒಂದೇ ಉದ್ದನೆಯ ಮೇಜು, ಸದ್ದು ತಡೆಯಲು ಕಿವಿಗೆ ಮುಚ್ಚಳ, ಮಾತು ಕೇಳಿಸದು. ಬೆರಳ ಗೆಣ್ಣಿನಿಂದ ಮೇಜು ತಟ್ಟಿದರೆ ಮಾತ್ರ ಇನ್ನೊಬ್ಬಳ ಮೊಣಕೈಗೆ ತಿಳಿಯುತ್ತಿತ್ತು. ಒಂದು ತಟ್ಟಿದರೆ ಎಲ್ಲ ಸರಿ, ಎರಡು ತಟ್ಟಿದರೆ ಕಾಫಿಗೆ ಹೋಗೋಣ.

ಅಂಗಡಿಗೆ ಬಂದ ಆ ದಿನ ಬೆಳಿಗ್ಗೆ ಹಿಲ್ಕಳ ಹಳೆಯ ಫೋನಿನ ಹಸಿರು ಗುಂಡಿ ಸವೆದು ಸೋತುಹೋಗಿತ್ತು. ಕಾಯ್ದು ಕಾಯ್ದು ಔನೆಯೇ ಕರೆ ಮಾಡಿದಳು, ಎಂಟು ಸಲ. ಎತ್ತಿಕೊಳ್ಳುವುದಕ್ಕೂ ಅದೇ ಗುಂಡಿ. ಏಳೂವರೆಗೆ ಯಾರೋ ಬಾಗಿಲು ಬಡಿದರು. ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿನ ಚಳಿಯಲ್ಲಿ, ಸೊಂಟದ ಆಪರೇಷನ್ ಆಗಿ ವರ್ಷವೂ ತುಂಬದ ಔನೆ, ರಾತ್ರಿಯ ಅಂಗಿಯ ಮೇಲೊಂದು ಕೋಟು ಎಳೆದುಕೊಂಡು, ಹಿಮದ ಮೇಲೆ ಕಾಲಿನಿಂದ ಒದ್ದು ನಡೆಸುವ ಜಾರುಗಾಡಿಯಲ್ಲಿ ಸೇತುವೆ ದಾಟಿ ಬಂದು ನಿಂತಿದ್ದಳು. "ಬದುಕಿದ್ದೀಯಾ? ಸರಿ," ಎಂದವಳೇ ಗಾಡಿ ತಿರುಗಿಸಿದ್ದಳು.

"ಇನ್ನೊಂದ್ಸಲ ಹಾಗೆ ಬಂದ್ರೆ ಅವಳು ಸೇತುವೆ ಮೇಲೇ ಬೀಳ್ತಾಳೆ ಔಲಿಸ್. ನಂಗೆ ಕೈಕೊಡದೇ ಇರೋದು ಬೇಕು, ಚೆಂದದ್ದಲ್ಲ."

"ಇದರ ಕ್ಯಾಮೆರಾದಲ್ಲಿ ಔನೆ ಮುಖ..."

"ಔನೆ ಮುಖ ನಂಗೊತ್ತು ಕಣಯ್ಯ."

ಔಲಿಸ್ ಕೆಳಗಿನ ಶೆಲ್ಫಿನಿಂದ ದಪ್ಪನೆಯದೊಂದನ್ನು ತೆಗೆದ. "ಬ್ಯಾಟರಿ ಎರಡು ದಿನ ಬರುತ್ತೆ. ಏಳು ವರ್ಷ ಅಪ್‌ಡೇಟ್ ಕೊಡ್ತಾರೆ."

"ಏಳು ವರ್ಷ? ಅಷ್ಟು ಗ್ಯಾರಂಟಿ ನಂಗೇ ಇಲ್ಲ."

"ಕಿವಿ ಹತ್ರ ಹಿಡಿದ್ರೆ ಪರದೆ ಕಪ್ಪಾಗುತ್ತೆ, ಹೆದರಬೇಡ. ಪಕ್ಕದಲ್ಲಿರೋ ಈ ಗುಂಡಿ ಒತ್ತಿದ್ರೆ ಕಟ್ ಆಗೋ ಹಾಗೆ ಮಾಡಿಟ್ಟಿದ್ದೀನಿ."

ಹಿಲ್ಕ ಫೋನಿನ ಬೆನ್ನನ್ನು ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟಳು. ಮುಖ ಅರಳಲಿಲ್ಲ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಔಲಿಸ್ ಬಾಗಿಲ ಕಡೆ ಒಮ್ಮೆ ನೋಡಿ, ಫೋನಿಗೆ ರಬ್ಬರ್ ಕವರ್ ತೊಡಿಸಿ ಅವಳ ಕೈಗಿತ್ತ. "ಸೊಂಟದೆತ್ತರದಿಂದ. ಮೇಲಿಂದ ಬೇಡ, ದಮ್ಮಯ್ಯ."

ಅವಳು ಭುಜದವರೆಗೆ ಎತ್ತಿ ಕೈಬಿಟ್ಟಳು. ಔಲಿಸ್‌ನ ಹೆಬ್ಬೆರಳ ಉಗುರು ಹಲ್ಲಿನ ನಡುವೆ ಇತ್ತು.

"ಬದುಕಿದೆ," ಎಂದರು ಇಬ್ಬರೂ, ಒಟ್ಟಿಗೆ, ಬಗ್ಗಿ ನೋಡುವ ಮೊದಲೇ. ಆಮೇಲೆ ಔಲಿಸ್ ಬಗ್ಗಿ ಅದನ್ನು ಎತ್ತಿಕೊಟ್ಟ.

ಮರುದಿನ ಏಳಕ್ಕೆ ಹಿಲ್ಕ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಔನೆಯ ಹೆಸರನ್ನು ಒತ್ತಿದಳು. ಒಂದು ರಿಂಗ್ ಹೋಯಿತು. ಹೆಬ್ಬೆರಳು ಪಕ್ಕದ ಗುಂಡಿಯ ಮೇಲೇ ಇತ್ತು. ಎರಡು ಹೋಯಿತು. ಮೂರು.

"ಏನಾಯ್ತೇ? ಇರು, ಬಂದೆ!" ಎಂದಳು ಔನೆ, ಫೋನ್ ಎತ್ತಿದವಳೇ.

"ಬರಬೇಡ ಮಾರಾಯ್ತಿ! ಏನೂ ಆಗಿಲ್ಲ."

"ಮತ್ತ್ಯಾಕೆ ಕಟ್ ಮಾಡ್ಲಿಲ್ಲ? ಹೊಸದೂ ಕೆಟ್ಟೋಯ್ತಾ?"

"ಇಲ್ಲ. ಚೆನ್ನಾಗೇ ಇದೆ."

ಔನೆಯ ಉಸಿರು ಕೇಳಿಸುತ್ತಿತ್ತು. ಪಕ್ಕದಲ್ಲೇ ಕುಳಿತಿದ್ದ ಅಷ್ಟು ವರ್ಷ ಅದು ಕೇಳಿಸಿರಲಿಲ್ಲ. ಹಿಲ್ಕ ಬೆರಳ ಗೆಣ್ಣಿನಿಂದ ಮೇಜನ್ನು ಒಮ್ಮೆ ತಟ್ಟಿದಳು.

ಆ ಕಡೆಯಿಂದ ಬಂತು, ಟಕ್. ಇನ್ನೊಂದು, ಟಕ್.

"ನೀನು ಅಲ್ಲೇ ಇರು," ಎಂದಳು ಹಿಲ್ಕ.

ಏಲಕ್ಕಿ ಬನ್ನುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅವಳು ಹೊರಟಾಗ ಇನ್ನೂ ಬೆಳಕಾಗಿರಲಿಲ್ಲ. ರಾತ್ರಿ ಹಿಮ ಬಿದ್ದಿರಲಿಲ್ಲ. ಸೇತುವೆಯ ದೀಪಗಳ ಕೆಳಗೆ ಔನೆಯ ಜಾರುಗಾಡಿಯ ನಿನ್ನೆಯ ಗೀರುಗಳು ಹಾಗೇ ಇದ್ದವು, ಬರುವಾಗಿನವು ಎರಡು, ಹೋಗುವಾಗಿನವು ಎರಡು. ಹಿಲ್ಕ ಅವುಗಳನ್ನು ತುಳಿಯದಂತೆ ನಡುವೆ ಹೆಜ್ಜೆಯಿಡುತ್ತ ದಾಟಿದಳು.