ಒಂಬತ್ತು ಸಲ ಚೆನ್ನಾಗಿತ್ತು

ರಾಕ್ ಗಾಯಕನಿಗೆ ಸಿಡಿಲಣ್ಣ ಎಂದು ಹೆಸರಿಟ್ಟವರು ಅಭಿಮಾನಿಗಳು. ತಾನೇ ಇಟ್ಟುಕೊಂಡ ಎನ್ನುವವರೂ ಇದ್ದರು, ಹೊಟ್ಟೆಕಿಚ್ಚಿನ ಜನ. ತಂಡ ಬಿಟ್ಟ ದಿನ ಅವನು ಪತ್ರಿಕೆಯವರ ಮುಂದೆ, "ಹನ್ನೆರಡು ವರ್ಷ ಮೂರು ಮೂಟೆ ಹೊತ್ತಿದ್ದೀನಿ. ಇನ್ನು ಕೈಬೀಸಿಕೊಂಡು ಹಾಡ್ತೀನಿ" ಎಂದಿದ್ದ. ತಂಡದ ಆ ಮೂವರಲ್ಲಿ ಡ್ರಮ್ ಬಾರಿಸುವ ಮೂಟೆ ಅವನ ಹೆಂಡತಿಯ ತಮ್ಮನೇ. ಅಂದಿನಿಂದ ಮನೆಯಲ್ಲಿ ಅಡುಗೆ ಆಗುತ್ತಿತ್ತು, ಮಾತು ಆಗುತ್ತಿರಲಿಲ್ಲ. ತಾನೊಬ್ಬನೇ ಮಾಡಿದ ಆಲ್ಬಮ್ ಹೊರಬಂದರೆ ಎಲ್ಲರ ಬಾಯಿಗೂ ಬೀಗ ಬೀಳುತ್ತದೆ ಎಂದು ಕಾದಿದ್ದ. ಬೀಳದಿದ್ದರೆ ಮನೆಯಲ್ಲಿ ಮುಖ ತೋರಿಸುವ ಹಾಗಿರಲಿಲ್ಲ.

ಸ್ಟುಡಿಯೋಗೆ ಅವನು ಕರೆಸಿದ್ದು ಇಬ್ಬರು ಹಳೇ ಹುಲಿಗಳನ್ನು. ಯಾರ್ಯಾರದೋ ಸಾವಿರ ಹಾಡುಗಳಿಗೆ ನುಡಿಸಿ, ಒಂದರ ಮೇಲೂ ಹೆಸರು ಹಾಕಿಸಿಕೊಳ್ಳದವರು. ಡ್ರಮ್‌ಗೆ ಗಡಿಯಾರದಜ್ಜ, ಬೇಸ್ ಗಿಟಾರಿಗೆ ದೊಡ್ಡಮ್ಮ. ಅಜ್ಜ ಬೂಟು ಕಳಚಿ ಕಾಲುಚೀಲದಲ್ಲಿ ಕೂತ. ದೊಡ್ಡಮ್ಮ ಪೆನ್ಸಿಲ್ ಚೂಪು ಮಾಡಿಕೊಂಡು, ಸ್ವರ ಬರೆದ ಹಾಳೆಯನ್ನು ತಿರುವಿ ನೋಡಿ, "ಇಷ್ಟೇನಾ?" ಅಂದಳು. ಸಿಡಿಲಣ್ಣ ಕೇಳಿಸದವನಂತೆ ಕೂದಲು ಸರಿಮಾಡಿಕೊಂಡ.

ಮೊದಲ ಸಲ ಹಾಡು ಮುಗಿಯಿತು. "ಚೆನ್ನಾಗಿತ್ತು" ಅಂದ ಅಜ್ಜ, ಮತ್ತೆ ಕೋಲು ಎತ್ತಿಕೊಂಡ. ಎರಡನೇ ಸಲಕ್ಕೂ "ಚೆನ್ನಾಗಿತ್ತು." ಒಂಬತ್ತನೇ ಸಲದ ಹೊತ್ತಿಗೆ ಸಿಡಿಲಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗಾಜಿನಾಚೆ ಕೂತ ರೆಕಾರ್ಡಿಂಗಿನವನ ಬಳಿಗೆ ಓಡಿದ.

"ಒಂಬತ್ತೂ ಚೆನ್ನಾಗಿದೆಯಂತೆ. ಯಾವುದು ಇಟ್ಕೊಳ್ಳೋದು?"

"ಯಾವುದೂ ಬೇಡ. ಅವರು ಚೆನ್ನಾಗಿತ್ತು ಅಂದ್ರೆ ಇನ್ನೊಂದ್ಸಲ ಅಂತ. ನಿಜವಾಗ್ಲೂ ಸರಿಬಂದ್ರೆ ಬಾಯೇ ಬಿಡಲ್ಲ, ಎದ್ದು ಕಾಫಿಗೆ ಹೋಗ್ತಾರೆ."

ಸಿಡಿಲಣ್ಣನಿಗೆ ಸಿಡಿಲೇ ಬಡಿಯಿತು. ಒಳಗೆ ಬಂದು ಅಜ್ಜನ ಮೇಲೆ ಹರಿಹಾಯ್ದ. "ನಾನು ಹಾಡು ಎತ್ಕೊಳ್ಳೋ ಜಾಗದಲ್ಲಿ ನಿಮ್ಮ ಏಟೇ ಇರಲ್ಲ!"

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ" ಎಂದು ದೊಡ್ಡಮ್ಮ ಪೆನ್ಸಿಲ್‌ಗೆ ಹೇಳಿದಳು.

"ಏಟು ಅಲ್ಲೇ ಇದೆಯಪ್ಪಾ" ಅಂದ ಅಜ್ಜ. "ನೀನು ಬರೋದೇ ಅರ್ಧ ಮಾತ್ರೆ ಮುಂಚೆ. ಒಂಬತ್ತು ಸಲವೂ."

"ಹನ್ನೆರಡು ವರ್ಷ ಯಾರೂ ಹೇಳಿಲ್ಲ. ಇದನ್ನ ಕೇಳಿ!" ಸಿಡಿಲಣ್ಣ ತಂಡದ ಹಳೇ ಕಾರ್ಯಕ್ರಮವೊಂದನ್ನು ಫೋನಿನಲ್ಲಿ ಹಾಕಿದ. ಅಜ್ಜ ಕಣ್ಣುಮುಚ್ಚಿ ಕೇಳಿದ. ಮತ್ತೆ ಹಾಕು ಎಂದ.

"ಇಲ್ಲೂ ಮುಂಚೆನೇ ಹಾರಿದ್ದೀಯ. ಆದ್ರೆ ಡ್ರಮ್ಮಿನವನು ಒಂದು ಏಟು ನುಂಗಿ ನಿನ್ನ ಹಿಡ್ಕೊಂಡ, ಉಳಿದಿಬ್ಬರನ್ನೂ ಎಳ್ಕೊಂಡು ಬಂದ. ಕೇಳೋರಿಗೆ ಗೊತ್ತೇ ಆಗಲ್ಲ. ಐವತ್ತು ವರ್ಷ ಬಾರಿಸಿದ್ದೀನಿ, ಇದು ನನ್ನ ಕೈಲಾಗಲ್ಲ. ಯಾರವನು?"

"ಹೆಂಡತಿ ತಮ್ಮ" ಎಂದ ಸಿಡಿಲಣ್ಣ, ಮೈಕೂ ಹಿಡಿಯಲಾರದಷ್ಟು ಮೆಲ್ಲಗೆ.

"ಅವನನ್ನ ಕರೆಸು. ಇಲ್ಲಾಂದ್ರೆ ಎಣಿಸೋದು ಕಲಿ."

ಮಧ್ಯಾಹ್ನದವರೆಗೆ ಎಣಿಸಿದ. ಇನ್ನೂ ಆರು "ಚೆನ್ನಾಗಿತ್ತು" ಸಂಪಾದಿಸಿ, ಕೊನೆಗೆ ಮೆಟ್ಟಿಲ ಹತ್ತಿರ ನಿಂತು ಹೆಂಡತಿ ತಮ್ಮನಿಗೆ ಫೋನ್ ಮಾಡಿದ. ಅತ್ತ ಹಲೋ ಎನ್ನುವ ಮೊದಲೇ ಶುರುಮಾಡಿದ: ಸ್ಟುಡಿಯೋ ಸರಿಯಿಲ್ಲ, ಮುದುಕರಿಗೆ ಕಿವಿಯಿಲ್ಲ, ನೀನು ಸುಮ್ಮನೆ ಒಂದು ಗಳಿಗೆ ಬಂದುಹೋದರೆ ಸಾಕು. ಭಾವಮೈದುನ ಎಲ್ಲವನ್ನೂ ಮುಗಿಯಲು ಬಿಟ್ಟ.

"ಅಕ್ಕನಿಗೆ ಹೇಳ್ಲಾ, ಬೇಡ್ವಾ?"

"ಬೇಡ" ಅಂದ ಸಿಡಿಲಣ್ಣ.

"ಆಯ್ತು, ಹೇಳಲ್ಲ. ಹೊರಟೆ. ಆದ್ರೆ ಭಾವಾ, ನಾನು ಬರೋವರೆಗೂ ಶುರು ಮಾಡ್ಬೇಡಿ."