ಮಲಗಿದವರ ಅಳತೆ

ಬಿದಿರು ಕಡಿಯಲು ಮಚ್ಚು ಎತ್ತಿದ ಮಾನಪ್ಪ ಅದನ್ನು ಹಾಗೇ ಇಳಿಸಿ, ದಾರ ಹಿಡಿದು ಹೆಣದ ತಲೆಯ ಬಳಿ ಬಂದು ಕೂತ.

"ಅಳೀಬೇಡ ಕಣಪ್ಪಾ," ಅಂದಳು ಮುನಿವೆಂಕಟಮ್ಮ. "ಐದಡಿ ಆರಿಂಚು."

"ಚಟ್ಟ ಗಿಡ್ಡ ಆಗ್ಬಿಟ್ರೆ ಕಷ್ಟ ಅಕ್ಕಾ."

"ಹತ್ತು ವರ್ಷದಿಂದ ಆ ಯಪ್ಪನ ಅಳತೆಗೆ ಗೆರೆ ಹಾಕಿರೋಳು ನಾನು. ಹೋಗು, ಕಡಿ."

ಪಕ್ಕದ ಮನೆಯ ಮಾನಪ್ಪ ಎದ್ದುಹೋಗಿ ಮತ್ತೆ ಮಚ್ಚು ಹಿಡಿದ. ಆ ಹತ್ತು ವರ್ಷದ ಗೆರೆಗಳೇ ನಿನ್ನೆಯಿಂದ ಅವಳ ಎದೆಯಲ್ಲಿ ಕುಟ್ಟುತ್ತಿದ್ದವು.

ಅವಳ ಗಂಡ ಮುನಿಶಾಮಿ ಬಡಗಿ. ಊರೂರು ಸುತ್ತುವವರ ವ್ಯಾನುಗಳ ಒಳಗೆ ಮಂಚ, ಕಪಾಟು, ಒಲೆಕಟ್ಟೆ ಕೂರಿಸುವುದು ಅವನ ಕೆಲಸ. ಒಂದೂ ವಾಪಸು ಬಂದಿರಲಿಲ್ಲ. ಹೋದ ವಾರ ಒಂದು ಬಂತು. ಬೈಯಪ್ಪನಹಳ್ಳಿಯ ಅವರ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಆ ವ್ಯಾನು ಈಗಲೂ ನಿಂತಿತ್ತು. ಗಿಡ್ಡವಾದ ಮಂಚವನ್ನು ಮುನಿಶಾಮಿ ಕಿತ್ತು ಹೊರಗಿಟ್ಟಿದ್ದ. ಹೊಸ ಪ್ಲೈವುಡ್ ಹಾಳೆಯನ್ನು ಗೋಡೆಗೆ ಒರಗಿಸಿ, ನಿನ್ನೆ ಟೀ ಕುಡಿಯಲು ಕೂತವನು ಮೇಲೇಳಲಿಲ್ಲ.

ವ್ಯಾನಿನ ಯಜಮಾನ ಸಿದ್ಧಲಿಂಗೇಶ ಹಾರ ಹಿಡಿದು ಬಂದ. ಧಾರವಾಡದ ಕಡೆಯವನು, ದೊಮ್ಮಲೂರಿನಲ್ಲಿ ಆಫೀಸು. ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕಾಯಿತು.

*

ಎರಡು ತಿಂಗಳ ಹಿಂದೆ, ಸಿದ್ಧಲಿಂಗೇಶನ ಖಾಲಿ ವ್ಯಾನಿನ ನೆಲದ ಮೇಲೆ ಪೇಪರು ಹಾಸಿ ಮುನಿಶಾಮಿ ಎಂದಿನಂತೆ ಅಂಗಾತ ಮಲಗಿದ್ದ.

"ಹಾಕಮ್ಮಿ ಗೆರೆ."

"ಆ ಹುಡುಗ ಏಣಿ ಇದ್ದಂಗವ್ನೆ. ಅವನ್ನೇ ಮಲಗಿಸ್ಬಾರ್ದಾ?"

"ಮಲಗಿಸಿ ಅಳೆಯೋದು ಹೆಣಾನ. ಬದುಕಿರೋರ್ನ ಹಂಗೆ ಅಳೆದ್ರೆ ಆಯಸ್ಸು ಕಮ್ಮಿ ಆಯ್ತದೆ. ನಂದೇನು ಬಿಡು, ಅರವತ್ತಾಯ್ತು."

ಅವಳು ಹಿಮ್ಮಡಿಗೊಂದು, ನೆತ್ತಿಗೊಂದು ಗೆರೆ ಎಳೆದಳು. ದಿಂಬಿಗೆಂದು ಅವನು ನಾಲ್ಕು ಬೆರಳು ಮೇಲೆ ಇನ್ನೊಂದು ಗೆರೆ ಹಾಕಿದ. ಮಿಕ್ಕ ಗಿರಾಕಿಗಳಿಗೆಲ್ಲ ಅಷ್ಟು ಉದ್ದದ ಮಂಚವೇ ಸಾಕಾಗಿತ್ತು.

*

ಗಂಡಸರು ಕಲ್ಪಳ್ಳಿ ಸ್ಮಶಾನದಿಂದ ವಾಪಸು ಬಂದು ನಲ್ಲಿಯಲ್ಲಿ ತಲೆಗೆ ನೀರು ಹಾಕಿಕೊಂಡರು. ಸಿದ್ಧಲಿಂಗೇಶ ಒದ್ದೆ ತಲೆಯಲ್ಲೇ ಬಂದು ಅವಳೆದುರು ಕೂತ.

"ಅಮ್ಮಾರ, ಮಂಚ ಮಾಡೂಮುಂದ ಯಾರ ಅಳತಿ ತಗೊಂಡೀರಿ ಅಂತ ಫೋನಿನ್ಯಾಗ ಬೈದಿದ್ದೆ. ಅವರು ಒಂದೂ ಮಾತಾಡ್ಲಿಲ್ರೀ."

"ನಿನ್ನ ಬೈಗುಳಕ್ಕೆ ಸತ್ತಿಲ್ಲ ಕಣಪ್ಪಾ. ನಾನು ಹಾಕಿದ ಗೆರೆಗೆ ಸತ್ತಿರೋದು." ಅವಳು ಎಲ್ಲವನ್ನೂ ಹೇಳಿದಳು. ಎಷ್ಟು ವ್ಯಾನು, ಎಷ್ಟು ಸಲ ಮಲಗಿದ್ದ, ಎಲ್ಲ. "ಒಂದೊಂದು ಸಲಾನೂ ಒಂದಿಷ್ಟು ಆಯಸ್ಸು ಅಳಿಸಿಬಿಟ್ಟೆ ಅನ್ಸತ್ತೆ."

ಸಿದ್ಧಲಿಂಗೇಶ ಎದ್ದು ಪಕ್ಕದ ಸೈಟಿಗೆ ನಡೆದ. ನೆಟ್ಟಗೆ ವ್ಯಾನು ಹತ್ತಿ ಬರಿನೆಲದ ಮೇಲೆ ಅಂಗಾತ ಮಲಗಿಬಿಟ್ಟ. ಅವನ ಪಾದಗಳು ಬಾಗಿಲಿನಿಂದ ಹೊರಗೆ ಚಾಚಿದ್ದವು.

"ಬರ್ರಿ ಅಮ್ಮಾರ, ಗೆರಿ ಹಾಕ್ರಿ. ನಂಗೇನೂ ಆಗಂಗಿಲ್ಲ. ಆಗ ನಿಮಗೂ ಗೊತ್ತಾಗ್ತೈತಿ."

ಆ ಪಾದಗಳನ್ನು ಕಂಡದ್ದೇ ತಡ, ಬೆಳಗಿನಿಂದ ಕೂತಲ್ಲೇ ಕೂತಿದ್ದ ಮುನಿವೆಂಕಟಮ್ಮ ಓಡಿದಳು.

"ಎದ್ದೇಳಪ್ಪಾ! ನಿಮ್ಮಮ್ಮ ಇದ್ದಾಳೋ ಇಲ್ವೋ? ಎದ್ದೇಳು ಮೊದ್ಲು!"

ಕೈ ಹಿಡಿದು ಎಳೆದಳು. ಎಳೆದುಕೊಂಡೇ ಹೋಗಿ ಗೋಡೆಗೆ ಒರಗಿದ್ದ ಪ್ಲೈವುಡ್ಡಿಗೆ ಅವನ ಬೆನ್ನು ಒತ್ತಿದಳು.

"ನಿಂತ್ಕೋ ಇಲ್ಲಿ. ನೆಟ್ಟಗೆ."

ಮುನಿಶಾಮಿಯ ಜೊತೆ ಕೆಲಸ ಮಾಡುತ್ತಿದ್ದ ಅಫ್ತಾಬ್ ಸ್ಟೂಲು ತಂದಿಟ್ಟ. ಅವಳು ಅಫ್ತಾಬನ ಹೆಗಲು ಹಿಡಿದು ಹತ್ತಿ ಪೆನ್ಸಿಲ್ಲಿಗೆ ಕೈ ಚಾಚಿದಳು. ಅಫ್ತಾಬ್ ಹಲಗೆಯನ್ನೂ ಅವಳನ್ನೂ ಒಂದು ಸಲ ನೋಡಿದ.

"ಅರೆ ಅಮ್ಮಾ, ನಿಲ್ಸಿ ಅಳೀಬೋದಿತ್ತಲ್ಲ ನಾವು!"

ಹತ್ತು ವರ್ಷದಲ್ಲಿ ಮೂವರಿಗೂ ಹೊಳೆಯದೆ ಹೋದ ಮಾತು. ಮುನಿವೆಂಕಟಮ್ಮನಿಗೆ ನಗು ಬಂತು. ಅದರ ಹಿಂದೆಯೇ, ನಿನ್ನೆಯಿಂದ ಬಾರದಿದ್ದ ಅಳುವೂ ಬಂತು.

ಅಫ್ತಾಬ್ ತನ್ನ ಕಿವಿಯ ಮೇಲಿನ ಪೆನ್ಸಿಲ್ಲು ಕೊಟ್ಟ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಹುಡುಗನ ಒದ್ದೆ ಕೂದಲನ್ನು ಅಂಗೈಯಲ್ಲಿ ಒತ್ತಿ, ನೆತ್ತಿಗೆ ಸರಿಯಾಗಿ ಗೆರೆ ಎಳೆದಳು. ಆಮೇಲೆ ನಾಲ್ಕು ಬೆರಳು ಇಟ್ಟು, ಅದರ ಮೇಲೆ ಇನ್ನೊಂದು.